ಆಮೇಲೆ ಎಂಬ ಊರಿಗೆ ಲಿನಕ್ಸ್ ದಾರಿ

ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ನಿವೃತ್ತವಾದದ್ದು ಅದರ ತಪ್ಪಿನಿಂದಲ್ಲ. ಅದು ಆನ್ ಆಗುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಕೀಲಿಮಣೆಯಲ್ಲಿ ಒಂದು ಅಕ್ಷರ ಬಿಟ್ಟರೆ ಉಳಿದವೆಲ್ಲ ಕೆಲಸಕ್ಕೆ ಹಾಜರಿದ್ದವು. ಆದರೂ ಒಂದು ಬೆಳಗ್ಗೆ ಪರದೆಯ ಮೇಲೆ ಪ್ರಕಟಣೆ ಬಂತು: ಈ ಯಂತ್ರದ ವಿಂಡೋಸ್‌ಗೆ ಇನ್ನು ಮುಂದೆ ಅಪ್‌ಡೇಟ್ ಇರುವುದಿಲ್ಲ, ಹೊಸ ವಿಂಡೋಸ್‌ಗೆ ಈ ಯಂತ್ರ ಅರ್ಹವಲ್ಲ. ದೆಹಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತ ತಲೆ ನೆರೆಸಿಕೊಂಡ ನನಗೆ ಈ ಧಾಟಿ ಪರಿಚಿತ. ಸೇವೆ ತೃಪ್ತಿಕರವಾಗಿತ್ತು, ಮುಂದುವರಿಸಲು ಅವಕಾಶವಿಲ್ಲ.

"ಭಾನುವಾರ ಕಬಾಡಿ ಭಯ್ಯಾ ಬರ್ತಾನೆ, ಕೊಟ್ಬಿಡಿ," ಎಂದಳು ಹೆಂಡತಿ. ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಹಳೇ ಪೇಪರು, ಮುರಿದ ಕುರ್ಚಿ, ಕೆಟ್ಟ ಮಿಕ್ಸಿ, ಎಲ್ಲದಕ್ಕೂ ಅವನೇ ಕೊನೆಯ ಗತಿ.

"ಅದರೊಳಗೆ ಊರಿದೆಯಲ್ಲೇ," ಎಂದೆ.

ಅವಳು ರವೆ ಹುರಿಯುತ್ತಿದ್ದಳು. ಯಾವ ಊರು ಎಂದು ಕೇಳಲಿಲ್ಲ.

"ಹಾಗಾದ್ರೆ ಇರಲಿ ಬಿಡಿ," ಎಂದಳು.

ಆ ಊರಿನ ಹೆಸರು ಆಮೇಲೆ. ಅದು ಯಾವ ಭೂಪಟದಲ್ಲೂ ಇಲ್ಲ. ಅದರ ಸ್ಥಾಪನೆಯಾದದ್ದು ದೆಹಲಿಯ ಪೀತಮ್‌ಪುರದಲ್ಲಿ, ನಾವು ಬಾಡಿಗೆಗಿದ್ದ ಮನೆಯ ಊಟದ ಮೇಜಿನ ಮೇಲೆ, ಮಗಳು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ. ಬೇರೆ ಕಡೆ ಮಳೆಗೆ ರಜೆ ಕೊಡುತ್ತಾರೆ, ದೆಹಲಿಯಲ್ಲಿ ಹೊಗೆಗೆ ಕೊಡುತ್ತಾರೆ. ದೀಪಾವಳಿ ಕಳೆದು ಆಕಾಶ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತೆಂದರೆ ಶಾಲೆಯಿಂದ ಮೆಸೇಜು ಬರುತ್ತಿತ್ತು. ಮಕ್ಕಳನ್ನು ಹೊರಗೆ ಬಿಡಬೇಡಿ, ಓಡಲು ಬಿಡಬೇಡಿ, ಕಿಟಕಿ ತೆಗೆಯಬೇಡಿ. ಹಾಗಾದರೆ ಮಕ್ಕಳು ಏನು ಮಾಡಬಹುದು ಎಂಬುದನ್ನು ಮಾತ್ರ ಯಾರೂ ಬರೆಯುತ್ತಿರಲಿಲ್ಲ. ಅಂಥ ಒಂದು ಹೊಗೆ ರಜೆಯಲ್ಲಿ ನಾನು ಆನ್‌ಲೈನ್ ಅಂಗಡಿಯಿಂದ ಒಂದು ಕಂಪ್ಯೂಟರ್ ಆಟ ಕೊಂಡೆ. ಅದರಲ್ಲಿ ಒಂದು ಹೊಳೆ, ಹೊಳೆಯ ಈ ದಡದಲ್ಲಿ ಖಾಲಿ ಬಯಲು. ಬಯಲಿನಲ್ಲಿ ನಾವು ಊರು ಕಟ್ಟಬೇಕು, ಅಷ್ಟೇ. ಯುದ್ಧವಿಲ್ಲ, ಶತ್ರುವಿಲ್ಲ, ಗೆದ್ದವರಿಗೆ ಕಪ್ಪಿಲ್ಲ. ಗಾಳಿ ಬೀಸಿದರೆ ಹುಲ್ಲು ಬಾಗುತ್ತಿತ್ತು. ಮೊದಲ ಸಲ ನೋಡಿದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಆಕಾಶಕ್ಕೆ ಯಾಕೆ ಈ ಕಲರ್ ಹಾಕಿದಾರೆ?"

ಅದು ನೀಲಿ ಬಣ್ಣ.

ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿ ಹಾಲು ಉಕ್ಕದಂತೆ ಕಾವಲು ನಿಂತಿದ್ದೆ.

"ಅಪ್ಪಾ, ಊರಿನ ಹೆಸರು ಕೇಳ್ತಾ ಇದೆ. ಏನು?"

"ಆಮೇಲೆ."

"ಪಕ್ಕಾ?"

"ಹ್ಞೂಂ ಕಣೇ, ಆಮೇಲೆ."

ಹಾಲು ಇಳಿಸಿ ಹೋಗುವಷ್ಟರಲ್ಲಿ ಊರ ಬಾಗಿಲಿನ ಫಲಕದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆಮೇಲೆ ಎಂದು ಕೆತ್ತಿಯಾಗಿತ್ತು. ಮಗಳು ಹೇಳಿದ ಮಾತು ಕೇಳಿದ ತೃಪ್ತಿಯಲ್ಲಿ ಕೂತಿದ್ದಳು. ಆ ಆಟದಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಸೌಲಭ್ಯವಿರಲಿಲ್ಲ. ಊರುಗಳ ಹೆಸರು ಬದಲಿಸದ ಆಡಳಿತವನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಅದೊಂದನ್ನೇ.

ಹೀಗೆ ನಮ್ಮ ಮನೆಯಲ್ಲಿ ಆಮೇಲೆ ಎಂಬ ಪದ ಕಾಲವನ್ನು ಸೂಚಿಸುವ ಕೆಲಸದ ಜೊತೆಗೆ ಸ್ಥಳವನ್ನು ಸೂಚಿಸುವ ಹೆಚ್ಚುವರಿ ಹೊಣೆಯನ್ನೂ ಹೊತ್ತುಕೊಂಡಿತು. ವಿಭಕ್ತಿ ಪ್ರತ್ಯಯಗಳೂ ಹತ್ತಿದವು. "ಅಪ್ಪ, ಆಮೇಲೆಗೆ ಹೋಗೋಣ್ವಾ?" ಎಂದು ಅವಳು ಕೇಳುವಳು. "ಹೋಂವರ್ಕ್ ಮುಗಿಸು, ಆಮೇಲೆ ಆಮೇಲೆಗೆ," ಎಂದು ನಾನು. ನಮ್ಮ ಮನೆಗೆ ಬಂದಿದ್ದ ಅತ್ತಿಗೆ ಇದನ್ನು ಕೇಳಿ, ದೆಹಲಿ ಸೇರಿ ಇವರ ಕನ್ನಡ ಕೆಟ್ಟುಹೋಯಿತು ಎಂದು ಊರಿಗೆ ಹೋಗಿ ವರದಿ ಒಪ್ಪಿಸಿದ್ದರು.

ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಕನ್ನಡ ಉಳಿದದ್ದೇ ಆಮೇಲೆಯಲ್ಲಿ. ಶಾಲೆಯಲ್ಲಿ ಅವಳಿಗೆ ಇಂಗ್ಲಿಷು, ಕೆಳಗಿನ ಪಾರ್ಕಿನಲ್ಲಿ ಹಿಂದಿ, ಮನೆಯಲ್ಲಿ ಎರಡರ ಚಿತ್ರಾನ್ನ. ಆದರೆ ಊರು ಕಟ್ಟುವಾಗ ಪಕ್ಕದಲ್ಲಿ ಕೂತು ಹೆಸರು ಹೇಳುತ್ತಿದ್ದವನು ನಾನು. ಹಾಗಾಗಿ ಅಲ್ಲಿನ ದನದ ಮನೆ ಕೊಟ್ಟಿಗೆಯಾಯಿತು, ಮರದ ಸುತ್ತ ಕಲ್ಲು ಹಾಸಿದ್ದು ಕಟ್ಟೆಯಾಯಿತು, ಕೆರೆಯಿಂದ ನೀರು ಬಿಡುವ ಬಾಗಿಲು ತೂಬಾಯಿತು. ಬದನೆಕಾಯಿಗೆ ಬೈಂಗನ್ ಎನ್ನುತ್ತಿದ್ದ, ನಿಜವಾದ ಕೊಟ್ಟಿಗೆಯನ್ನೇ ಕಂಡಿರದ ಹುಡುಗಿ, ಸಂಜೆಯಾದರೆ "ಅಪ್ಪ, ತೂಬು ಮುಚ್ಚು, ಗದ್ದೆಗೆ ನೀರು ನುಗ್ಗುತ್ತೆ" ಎಂದು ಕೂಗುತ್ತಿದ್ದಳು. ಮೇಲಿನ ಮಹಡಿಯ ಪಂಜಾಬಿ ಆಂಟಿ ಒಮ್ಮೆ, ನೀರು ಎಂಬ ಒಂದೇ ಪದ ಅರ್ಥವಾಗಿ, ನಮ್ಮಲ್ಲಿ ನೀರಿನ ಪೈಪ್ ಒಡೆದಿದೆಯೇ ಎಂದು ವಿಚಾರಿಸಿಕೊಂಡು ಬಂದರು.

ವರ್ಷ ವರ್ಷವೂ ಹೊಗೆ ಬಂತು, ಊರು ಬೆಳೆಯಿತು. ಹೊಳೆಯ ಆಚೆ ದಡದಲ್ಲಿ ಸಂಜೆ ಹೊತ್ತು ಒಂದು ದೀಪ ಹೊತ್ತಿಕೊಳ್ಳುತ್ತಿತ್ತು. ಅಲ್ಲಿ ಏನಿದೆ ಎಂದು ನೋಡಬೇಕಾದರೆ ಸೇತುವೆ ಕಟ್ಟಬೇಕು. ಅಲ್ಲಿಯತನಕ ಒಂದು ದೋಣಿ ಹೊಳೆಯಲ್ಲಿ ನಡುವಿನವರೆಗೆ ಹೋಗಿ ತಿರುಗಿ ಬರುತ್ತದೆ, ಯಾಕೋ ಆಚೆ ಮುಟ್ಟುವುದಿಲ್ಲ. ಮಗಳು ಸೇತುವೆ ಶುರು ಮಾಡಿದಳು. ಕಂಬ ನಿಂತವು, ಹಲಗೆ ಮುಕ್ಕಾಲು ಪಾಲು ಹಾಸಿಯಾಯಿತು, ಅಷ್ಟರಲ್ಲಿ ಬೋರ್ಡ್ ಪರೀಕ್ಷೆ ಬಂತು. "ಪರೀಕ್ಷೆ ಮುಗೀಲಿ ಅಪ್ಪ, ಆಮೇಲೆ," ಎಂದು ತನ್ನ ಮಾತಿಗೆ ತಾನೇ ನಕ್ಕು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಕಾಲೇಜು ಬಂತು, ನಾವು ನೋಯ್ಡಾಕ್ಕೆ ಬಂದೆವು, ಅವಳಿಗೆ ಗುರುಗ್ರಾಮದಲ್ಲಿ ಕೆಲಸ ಸಿಕ್ಕಿತು.

ಕಾಗದದ ಮೇಲೆ ನೋಡಿದರೆ ನಾವೆಲ್ಲ ಒಂದೇ ರಾಜಧಾನಿ ಪ್ರದೇಶದ ಪ್ರಜೆಗಳು. ನಾವು ಉತ್ತರಪ್ರದೇಶದ ಅಂಚಿನಲ್ಲಿ, ಅವಳು ಹರಿಯಾಣದ ಅಂಚಿನಲ್ಲಿ, ಮಧ್ಯದಲ್ಲಿ ಇಡೀ ದೆಹಲಿ ಮಲಗಿದೆ. ನೀಲಿ ಮೆಟ್ರೋ ಹಿಡಿದು, ಹಳದಿ ಮೆಟ್ರೋಗೆ ಬದಲಿಸಿ, ಅಲ್ಲಿಂದ ಆಟೋ ಮಾಡಿ ಹೋಗುವಷ್ಟರಲ್ಲಿ ಹೊರಟ ಕಾರಣವೇ ಮರೆತುಹೋಗುತ್ತದೆ. ಅವಳು ಗೆಳತಿಯರ ಜೊತೆ ಎತ್ತರದ ಕಟ್ಟಡವೊಂದರಲ್ಲಿ ಫ್ಲಾಟ್ ಮಾಡಿಕೊಂಡಿದ್ದಾಳೆ. ಫೋನು ದಿನಾ ಬರುತ್ತದೆ. "ಹಾಂ ಅಪ್ಪ, ಖಾನಾ ಆಯ್ತು. ಸಬ್ ಠೀಕ್. ಅಮ್ಮನಿಗೆ ಹೇಳು, ದವಾ ಟೈಮ್‌ಗೆ ತಗೋಬೇಕು. ಅಚ್ಛಾ, ಚಲೋ, ಬೈ." ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಆ ಮಾತಿನಲ್ಲಿ ಕಟ್ಟೆಯಿಲ್ಲ, ಕೊಟ್ಟಿಗೆಯಿಲ್ಲ, ತೂಬಿಲ್ಲ. ಆ ಪದಗಳನ್ನು ಅವಳ ಬಾಯಲ್ಲಿ ಕೇಳಬೇಕೆಂದು ನನಗೆ ಆಸೆ. ಬಾ ಮಗಳೇ, ಕೂತು ತೂಬು ಎನ್ನು ಎಂದು ಹೇಳುವುದು ಹೇಗೆ? ಊರಿದ್ದರೆ ಪದ ತಾನಾಗಿ ಬರುತ್ತದೆ. ಹಾಗಾಗಿ ಊರು ಬೇಕಿತ್ತು.

ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಧಾರವಾಡ ಕಡೆಯ ಒಬ್ಬ ಕಿರಿಯ ಮೇಷ್ಟ್ರಿದ್ದಾರೆ. ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ. ಅವರು ಅದರ ಹೊಟ್ಟೆ ಬೆನ್ನು ಎರಡೂ ಮುಟ್ಟಿ ನೋಡಿದರು.

"ಮಷೀನ್ ಗಟ್ಟಿ ಐತ್ರಿ ಸರ್. ಲಿನಕ್ಸ್ ಹಾಕಿಬಿಡೂಣು. ಹಳೇದೆಲ್ಲಾ ಹೊರಗಿನ ಡಿಸ್ಕಿನ್ಯಾಗ ತಗದು ಇಡತೀನಿ."

ಲಿನಕ್ಸ್ ಎಂದರೆ ವಿಂಡೋಸ್ ಕೂರುವ ಪೀಠದಲ್ಲಿ ಕೂರಬಲ್ಲ, ಯಾರೊಬ್ಬರ ಸ್ವತ್ತೂ ಅಲ್ಲದ, ಹಳೆಯ ಯಂತ್ರಗಳನ್ನು ಹೀಯಾಳಿಸದ ಇನ್ನೊಂದು ವ್ಯವಸ್ಥೆ. ಗುರುತು ಪೆಂಗ್ವಿನ್.

"ಅದರಲ್ಲಿ ಆಟ ಓಡುತ್ತವಾ?" ಎಂದೆ.

"ಕೆಲವು ಓಡತಾವ್ರಿ, ಕೆಲವು ಓಡಂಗಿಲ್ರಿ. ಯಾವು ಅಂತ ನೀವ ಕುಂತು ನೋಡಬೇಕ್ರಿ." ಲ್ಯಾಪ್‌ಟಾಪ್ ಮುಚ್ಚುತ್ತ, "ಯಾವ ಆಟರೀ ಸರ್? ಗುಂಡು ಹಾರಸೂದು?" ಎಂದರು.

"ಊರು ಕಟ್ಟೋದು."

"ಭಾಳ ಛಲೋ ಆತು ಬಿಡ್ರಿ. ಅರ್ಥಶಾಸ್ತ್ರಕ್ಕ ಹತ್ರನ ಐತಿ."

ಈ ನವೆಂಬರಿನಲ್ಲಿ ಹೊಗೆ ಬಿದ್ದು ಕಾಲೇಜಿನ ಪಾಠಗಳೆಲ್ಲ ಆನ್‌ಲೈನ್ ಆದವು. ನನ್ನ ಪಾಠ ಬೆಳಗ್ಗೆಯೇ ಮುಗಿದುಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ನಾನು ಬಾಲ್ಕನಿಯ ಬಾಗಿಲು ಭದ್ರ ಮಾಡಿಕೊಂಡು, ಲಿನಕ್ಸ್ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪಿನ ಮುಂದೆ ನನ್ನ ಆಟಗಳ ಗ್ರಂಥಾಲಯದ ಜನಗಣತಿಗೆ ಕೂತೆ. ಗ್ರಂಥಾಲಯ ಎಂಬ ಹೆಸರು ಆನ್‌ಲೈನ್ ಅಂಗಡಿಯವರೇ ಇಟ್ಟದ್ದು, ಮತ್ತು ಒಪ್ಪುವಂಥದ್ದು. ಕೊಂಡು ಓದದೆ ಇಟ್ಟ ಪುಸ್ತಕಗಳಂತೆಯೇ ಹಬ್ಬದ ರಿಯಾಯಿತಿಯಲ್ಲಿ ಕೊಂಡು ಆಡದೆ ಬಿಟ್ಟ ಆಟಗಳು ಅಲ್ಲಿ ಸಾಲಾಗಿ ನಿಂತಿದ್ದವು. ಪೆಂಗ್ವಿನ್ ಗುರುತನ್ನು ಒತ್ತಿದೆ. ಲಿನಕ್ಸಿನಲ್ಲೇ ಹುಟ್ಟಿ ಬೆಳೆದ ಆಟಗಳಷ್ಟೇ ಉಳಿದು, ಮಿಕ್ಕವೆಲ್ಲ ಮದುವೆಮನೆಯಲ್ಲಿ ಬಿಲ್ಲು ಕೇಳಿದಾಗ ನೆಂಟರು ಮಾಯವಾಗುವಂತೆ ಮಾಯವಾದವು.

ಮಾಯವಾದವುಗಳಿಗೂ ಒಂದು ದಾರಿಯಿದೆ ಎಂದು ಮೇಷ್ಟ್ರು ಹೇಳಿದ್ದರು. ವಿಂಡೋಸ್‌ಗಾಗಿ ಬರೆದ ಆಟವನ್ನು ಲಿನಕ್ಸಿನಲ್ಲಿ ಓಡಿಸಲು ಒಬ್ಬ ದುಬಾಷಿ ಇದ್ದಾನೆ, ಅವನೂ ಒಂದು ಪ್ರೋಗ್ರಾಮೇ. ಆಟ ವಿಂಡೋಸಿನ ಭಾಷೆಯಲ್ಲಿ ಬಾಗಿಲು ತೆಗಿ, ಚಿತ್ರ ಬಿಡಿಸು, ಸದ್ದು ಮಾಡು ಎಂದು ಕೇಳುತ್ತದೆ. ದುಬಾಷಿ ಮಧ್ಯೆ ನಿಂತು ಅದನ್ನು ಲಿನಕ್ಸಿಗೆ ಅರ್ಥವಾಗುವಂತೆ ಹೇಳುತ್ತಾನೆ. ಆಟಕ್ಕೆ ತಾನು ಪರಸ್ಥಳದಲ್ಲಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಕೆಲವು ಆಟಗಳಿಗೆ ಮಾತ್ರ ಗೊತ್ತಾಗಿಬಿಡುತ್ತದೆ. ಆನ್‌ಲೈನಿನಲ್ಲಿ ಹತ್ತಾರು ಜನ ಸೇರಿ ಆಡುವಂಥವುಗಳ ಜೊತೆ ಮೋಸ ಹಿಡಿಯುವ ಕಾವಲುಗಾರನೊಬ್ಬ ಬರುತ್ತಾನೆ. ಅವನು ನಮ್ಮ ಸೊಸೈಟಿಯ ಗೇಟಿನ ಗಾರ್ಡ್ ಇದ್ದಂತೆ. ಆ್ಯಪಿನಲ್ಲಿ ಮಂಜೂರಾತಿ ಬಾರದೆ ಒಳಗೆ ಬಿಡುವುದಿಲ್ಲ, ನೀವು ಮನೆ ಯಜಮಾನರೇ ಆಗಿದ್ದರೂ.

ಯಾವ ಆಟ ದುಬಾಷಿಯ ಜೊತೆ ಹೊಂದಿಕೊಂಡಿದೆ ಎಂದು ಆಡಿ ನೋಡಿದವರು ಬರೆದು ಹಾಕುವ ಒಂದು ಜಾಲತಾಣವಿದೆ. ನಿಮ್ಮ ಗ್ರಂಥಾಲಯದ ವಿಳಾಸ ಕೊಟ್ಟರೆ ನಿಮ್ಮೆಲ್ಲ ಆಟಗಳ ಜಾತಕ ಹೇಳುತ್ತದೆ. ಕೊಟ್ಟೆ. ತುಸು ಯೋಚಿಸಿ, ನಿಮ್ಮ ಬಳಿ ಒಂದೂ ಆಟವಿಲ್ಲ ಎಂದು ತೀರ್ಪು ಕೊಟ್ಟಿತು. ನನ್ನ ಪ್ರೊಫೈಲು ಯಾರಿಗೂ ಕಾಣದಂತೆ ಬೀಗ ಹಾಕಿಕೊಂಡಿತ್ತಂತೆ. ವಿದ್ಯಾರ್ಥಿಗಳ ಕಣ್ಣಿಗೆ ಬೀಳದಿರಲೆಂದು ಆ ಬೀಗ ಹಾಕಿದವನೂ ನಾನೇ. ಬೀಗ ತೆಗೆದು, ನಡುವಯಸ್ಸು ದಾಟಿದ ಪ್ರಾಧ್ಯಾಪಕನೊಬ್ಬ ಕಂಪ್ಯೂಟರ್ ಆಟ ಕೊಳ್ಳುತ್ತಾನೆಂಬ ವಿಷಯವನ್ನು ಲೋಕಕ್ಕೆ ಬಹಿರಂಗಪಡಿಸಿದೆ. ಲೋಕ ಎಂದಿನಂತೆ ಸುಮ್ಮನಿತ್ತು.

ದರ್ಜೆಗಳು ಬಂದವು. ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು, ಕೊನೆಗೆ ಕೆಟ್ಟಿದೆ. ಕೆಳಗೆ ಜನರ ವರದಿಗಳು. ಒಬ್ಬರು ಬರೆದಿದ್ದರು: ಎಲ್ಲ ಸರಿಯಾಗಿದೆ, ಎರಡನೆಯ ಅಧ್ಯಾಯದಲ್ಲಿ ಕುದುರೆ ಮಾತ್ರ ಕಾಣುವುದಿಲ್ಲ, ಸವಾರ ಗಾಳಿಯಲ್ಲಿ ಕೂತು ಹೋಗುತ್ತಾನೆ, ಚಿನ್ನದ ದರ್ಜೆ ಕೊಡಬಹುದು. ಎಂಥ ಉದಾರ ಪರೀಕ್ಷಕರು. ಓದುತ್ತ ಹೋದಂತೆ ನನಗೆ ನನ್ನದೇ ವರದಿ ಬರೆಯಬಹುದು ಅನ್ನಿಸಿತು. ದೆಹಲಿಯಲ್ಲಿ ಓಡುತ್ತದೆ. ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಾಗ ಸ್ವಲ್ಪ ತಡವರಿಸುತ್ತದೆ. ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗ ಬಂದಾಗ ಸದ್ದು ನಿಲ್ಲುತ್ತದೆ. ಬೆಳ್ಳಿ.

"ಏನಂತೆ ನಿಮ್ಮ ಪೆಂಗ್ವಿನ್ನು?" ಎಂದು ಹೆಂಡತಿ ಚಹಾ ತಂದಿಟ್ಟಳು. "ನಮ್ಮ ಊರು ಸಿಕ್ತಾ?"

ಸಿಕ್ಕಿತ್ತು. ಅಷ್ಟೇ ಅಲ್ಲ, ಅದರ ಪಕ್ಕದಲ್ಲಿ ಪೆಂಗ್ವಿನ್ ಗುರುತೂ ಇತ್ತು. ನಮ್ಮ ಆಟಕ್ಕೆ ದುಬಾಷಿಯ ಹಂಗೇ ಇಲ್ಲ, ಅದು ಲಿನಕ್ಸಿನ ಸ್ವಂತ ಮಗು. ಹಿಂದಿನ ಜನ್ಮದ ಪುಣ್ಯ ಎಂದುಕೊಂಡು ಇಳಿಸಿಕೊಂಡೆ. ಮೇಷ್ಟ್ರು ಕೊಟ್ಟಿದ್ದ ಹೊರಗಿನ ಡಿಸ್ಕಿನಿಂದ ಹಳೆಯ ಊರಿನ ಕಡತವನ್ನು ಅದು ಇರಬೇಕಾದ ಜಾಗದಲ್ಲಿ ಇಟ್ಟೆ. ಆಟ ತೆರೆಯಿತು. ಅದೇ ಹೊಳೆ, ಅದೇ ಕೊಳಲಿನಂಥ ಸಂಗೀತ. ಆದರೆ ಬಯಲು ಖಾಲಿ. ಮಧ್ಯೆ ಒಂದು ಚೌಕ, ಚೌಕದೊಳಗೆ ಮಿಟುಕುವ ಗೆರೆ, ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ: ನಿಮ್ಮ ಊರಿನ ಹೆಸರೇನು?

ಹೆಂಡತಿ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು.

"ಹೋಯ್ತಾ?" ಎಂದಳು.

ಆಮೇಲೆ ಎಂದು ನಾನೇ ಬೆರಳಿನಿಂದ ಟೈಪ್ ಮಾಡಬಹುದಿತ್ತು. ಅದೇ ಅಕ್ಷರಗಳು, ಅದೇ ಫಲಕ. ಆದರೆ ಅದು ಮಗಳು ತಪ್ಪಾಗಿ ಕೇಳಿಸಿಕೊಂಡು ಇಟ್ಟ ಹೆಸರು. ಬೇಕೆಂದೇ ಸರಿಯಾಗಿ ಇಟ್ಟರೆ ಅದು ಬೇರೆ ಊರಾಗುತ್ತದೆ. ಚೌಕವನ್ನು ಹಾಗೇ ಬಿಟ್ಟು ಆಟ ಮುಚ್ಚಿದೆ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಊಟವಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಸರ್, ಕೆಳಗಿನ ವರದಿ ಓದಿದ್ರೇನು?"

"ಪೆಂಗ್ವಿನ್ ಇತ್ತಲ್ಲ, ಓದಲಿಲ್ಲ."

"ಅಲ್ಲೇ ತಪ್ಪಿದ್ರಿ ನೋಡ್ರಿ. ಪೆಂಗ್ವಿನ್ ನೋಡಿ ಖುಷಿಯಾಗಿ ಎಲ್ಲಾರೂ ಇಲ್ಲೇ ಬೀಳತಾರ."

ಓದಿದೆ. ಎಲ್ಲರೂ ಒಂದೇ ಮಾತು ಬರೆದಿದ್ದರು. ಈ ಆಟದ ಲಿನಕ್ಸ್ ರೂಪವನ್ನು ಮಾಡಿದವರು ಮಾಡಿ ಬಿಟ್ಟಿದ್ದಾರೆ, ವರ್ಷಗಳಿಂದ ಯಾರೂ ಮುಟ್ಟಿಲ್ಲ, ವಿಂಡೋಸಿನಲ್ಲಿ ಕಟ್ಟಿದ ಊರುಗಳನ್ನು ಅದು ಗುರುತಿಸುವುದಿಲ್ಲ. ಸ್ವಂತ ರೂಪ ಬೇಡ. ವಿಂಡೋಸ್ ರೂಪವನ್ನೇ ತಂದು ದುಬಾಷಿಯ ಕೈಗೆ ಒಪ್ಪಿಸಿ. ಪ್ಲಾಟಿನಂ.

ನನ್ನಂಥವನಿಗೆ ಇದು ಜೀರ್ಣವಾಗುವುದು ಕಷ್ಟ. ಸ್ವಂತ ಭಾಷೆ ಎಂದರೆ ಸ್ವಂತ, ಅನುವಾದ ಎಂದರೆ ಅನುವಾದ ಎಂದು ನಂಬಿ ಬದುಕಿದವನು ನಾನು. ಮಗಳು ಫೋನಿನಲ್ಲಿ ಹಿಂದಿಯ ಮೂಲಕ ಹಾಯ್ದು ಕನ್ನಡಕ್ಕೆ ಬರುವಾಗಲೆಲ್ಲ ಮನಸ್ಸಿನಲ್ಲೇ ಅಂಕ ಕಳೆಯುತ್ತ ಕೂತವನು. ಈಗ ನೋಡಿದರೆ ಹುಟ್ಟಾ ಲಿನಕ್ಸಿಗನಿಗೆ ಊರಿನ ನೆನಪಿಲ್ಲ, ದುಬಾಷಿಯ ಬಾಯಿಂದ ಮಾತನಾಡುವವನಿಗೆ ಇದೆ ಎನ್ನುತ್ತಾರೆ. ಇರಲಿ, ನೋಡೇ ಬಿಡೋಣ ಎಂದು ಆಟದ ಗುಣಲಕ್ಷಣಗಳ ಪುಟಕ್ಕೆ ಹೋಗಿ, ದುಬಾಷಿಯನ್ನು ಕಡ್ಡಾಯಗೊಳಿಸುವ ಚೌಕಕ್ಕೆ ಗುರುತು ಹಾಕಿದೆ. ಲ್ಯಾಪ್‌ಟಾಪ್ ಆಟವನ್ನು ಮತ್ತೆ ಇಳಿಸಿಕೊಂಡಿತು. ದುಬಾಷಿ ಆಟಕ್ಕೆಂದು ಲಿನಕ್ಸಿನೊಳಗೆ ವಿಂಡೋಸಿನಲ್ಲಿರುವಂಥದೇ ಒಂದು ಸುಳ್ಳು ಸಿ ಡ್ರೈವ್ ಕಟ್ಟಿಕೊಡುತ್ತಾನೆ, ಪಾಪ, ಅದು ತಾನು ಹಳೆ ಮನೆಯಲ್ಲೇ ಇದ್ದೇನೆ ಎಂದುಕೊಳ್ಳಲಿ ಎಂದು. ಆ ಸುಳ್ಳು ಮನೆಯ ಕೋಣೆಕೋಣೆ ಹುಡುಕಿ, ಮೊದಲು ತಪ್ಪು ಕೋಣೆಯಲ್ಲಿಟ್ಟು, ಮತ್ತೆ ಸರಿಯಾದ ಕೋಣೆಗೆ ಊರಿನ ಕಡತವನ್ನು ಸಾಗಿಸಿದೆ.

ಈ ಸಲ ಪ್ರಶ್ನೆ ಬರಲಿಲ್ಲ. ಕಂಟಿನ್ಯೂ ಎಂಬ ಗುಂಡಿ ಬೆಳಗಿತು. ಒತ್ತಿದೆ. ಊರ ಬಾಗಿಲಿನ ಫಲಕ, ಆಮೇಲೆ. ಕಟ್ಟೆ, ಕಟ್ಟೆಯ ಮೇಲೆ ಅವಳು ಸಾಲಾಗಿ ನಿಲ್ಲಿಸಿದ್ದ ಆಡುಗಳು, ಕೊಟ್ಟಿಗೆಗೆ ಅವಳು ಹಟ ಮಾಡಿ ಬಳಿಸಿದ ಗುಲಾಬಿ ಬಣ್ಣ. ದೋಣಿ ಹೊಳೆಯ ನಡುವೆ ಇತ್ತು, ನಾವು ಮುಚ್ಚಿದ ಕ್ಷಣದಿಂದ ಅಲ್ಲೇ ನಿಂತಿತ್ತೋ ಏನೋ, ಈಗ ಮೆಲ್ಲಗೆ ಹೊರಳಿ ಈಚೆ ದಡಕ್ಕೆ ಹೊರಟಿತು. ಸೇತುವೆ ಮುಕ್ಕಾಲು ದೂರ ಹೋಗಿ ನೀರಿನ ಮೇಲೆ ನಿಂತಿತ್ತು.

ಮಗಳಿಗೆ ಫೋನ್ ಮಾಡಿದೆ. ಆಫೀಸಿನ ಹೊತ್ತಿನಲ್ಲಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

"ಅಪ್ಪ? ಕ್ಯಾ ಹುವಾ, ಅಮ್ಮ ಠೀಕ್ ಇದಾಳಾ? ನಾನು ಮೀಟಿಂಗಲ್ಲಿದೀನಿ, ಮ್ಯೂಟ್ ಮಾಡಿದೀನಿ."

"ಎಲ್ಲಾ ಸರಿಯಿದೆ. ಊರು ತೆರೀತು."

"ಯಾವ ಊರು?"

"ಆಮೇಲೆ."

"ಅಪ್ಪ, ಆಮೇಲೆ ಅಂದ್ರೆ ಆಮೇಲೇನಾ, ಇಲ್ಲಾ ಆಮೇಲೇನಾ?"

"ಎರಡನೇದು."

"ಸುಳ್ಳು."

"ದೋಣಿ ಈಚೆ ಬರ್ತಿದೆ ನೋಡು. ನಿನ್ನ ಗುಲಾಬಿ ಕೊಟ್ಟಿಗೆ ಇದೆ."

"ಆಡು ಕಟ್ಟೆ ಮೇಲಿದಾವಾ?"

"ಇದಾವೆ."

"ಈಗ ಅಲ್ಲಿ ಬೆಳಗ್ಗೇನಾ ಸಂಜೇನಾ? ಸಂಜೆ ಆದ್ರೆ ತೂಬು ಮುಚ್ಚು ಅಪ್ಪ, ಮರೀಬೇಡ. ಗದ್ದೆಗೆ ನೀರು ನುಗ್ಗುತ್ತೆ."

ತೂಬು ಎಂದದ್ದು ಅವಳಿಗೆ ಗೊತ್ತಾಗಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅವಳ ಹಿಂದೆ ಯಾರೋ ಇಂಗ್ಲಿಷಿನಲ್ಲಿ ತ್ರೈಮಾಸಿಕದ ಗುರಿಗಳ ಬಗ್ಗೆ ಮಾತಾಡುತ್ತಿದ್ದರು.

"ಚಲೋ ಅಪ್ಪ, ನನ್ನನ್ನ ಕರೀತಿದಾರೆ. ಆಮೇಲೆ ಮಾಡ್ತೀನಿ," ಎಂದು ಇಟ್ಟಳು.

ಇದು ಮೊದಲನೆಯ ಆಮೇಲೆಯೇ, ಎರಡನೆಯದೇ ಎಂದು ನಾನು ಯೋಚಿಸುತ್ತಿರುವಾಗಲೇ ಮೆಸೇಜು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ಸೇತುವೆ ಮುಟ್ಟಬೇಡ, ನಾನು ಬಂದಮೇಲೆ.

ಹೆಂಡತಿ ಕೈ ಒರೆಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕಿಟಕಿಯಾಚೆ ಎದುರಿನ ಟವರು ಹೊಗೆಯಲ್ಲಿ ಅರ್ಧಕ್ಕೇ ನಿಂತಿತ್ತು.

"ಅಷ್ಟೇ ಬಾಕಿ ಅಲ್ವಾ? ಕಟ್ಟಿಬಿಡಿ. ಆ ಕಡೆ ಏನಿದೆ ಅಂತ ನೋಡೇ ಬಿಡೋಣ," ಎಂದಳು.

"ಮುಟ್ಟಬೇಡ ಅಂದಿದಾಳೆ."

"ಯಾವಾಗ ಬರ್ತಾಳಂತೆ?"

"ಅದನ್ನ ಬರೆದಿಲ್ಲ."

ಇಬ್ಬರೂ ನೋಡುತ್ತ ಕೂತೆವು. ಊರಿನಲ್ಲಿ ಬಿಸಿಲು ಇಳಿಯಿತು, ಆಡುಗಳು ಕಟ್ಟೆಯಿಂದ ಇಳಿದು ಕೊಟ್ಟಿಗೆಗೆ ಹೋದವು, ಹೊಳೆಯ ಆಚೆ ದೀಪ ಹೊತ್ತಿತು. ದೋಣಿ ನಡುವಿನವರೆಗೆ ಹೋಗಿ ತಿರುಗಿ ಬಂತು. ನಾನು ಹೋಗಿ ತೂಬು ಮುಚ್ಚಿದೆ.